ಮಂಡಿಗೆಂದು ಕೊಟ್ಟ ಬಂಗಾರದ ರೇಕು

ಅಯುತ್ಥಾಯ, ಮಂಗಳವಾರ

ಅಮ್ಮನಿಗೆ ಪಿಕುನ್ ಮಾಡುವ ನಮಸ್ಕಾರ.

"ನೀನು ಹಚ್ಚಿದ ರೇಕು ಕೆಲಸ ಮಾಡ್ತು ಕಣೇ, ಮಂಡಿನೋವು ಮಾಯ! ಭಾನುವಾರ ಬೆಟ್ಟದ ಗುಡಿ ಹತ್ತಿ ಹರಕೆ ತೀರಿಸ್ತೀನಿ" ಎಂದು ನಿನ್ನೆ ಫೋನಿನಲ್ಲಿ ನಕ್ಕೆಯಲ್ಲ, ದಯವಿಟ್ಟು ಈ ಭಾನುವಾರ ಹತ್ತಬೇಡ.

ನೀನು ಕೊಟ್ಟ ಬಂಗಾರದ ರೇಕನ್ನು ಸುಖೋಥೈನ ಬುದ್ಧನಿಗೆ ಹಚ್ಚಿದ್ದು ನಿಜ. "ನಮಗೆ ಎಲ್ಲಿ ನೋವಿದ್ಯೋ ಮೂರ್ತಿಯ ಅದೇ ಜಾಗಕ್ಕೆ ಹಚ್ಚಬೇಕು, ಮಂಡಿಗೆ, ಮರೀಬೇಡ" ಅಂದಿದ್ದೆ ನೀನು. ಮರೆತಿರಲಿಲ್ಲ. ಆದರೆ ಅಂದು ನನ್ನ ಗಂಟಲು ಪೂರ್ತಿ ಕಟ್ಟಿತ್ತು. ಹಳೆಯ ರಾಜಧಾನಿಗಳನ್ನು ನೋಡಲು ಬಂದವರು ಬಸ್ಸಿನ ತುಂಬ ಇದ್ದರು. ಮಾತೇ ಹೊರಡದ ಗೈಡನ್ನು ಯಾರು ಇಟ್ಟುಕೊಳ್ಳುತ್ತಾರೆ? ಮೂರ್ತಿಯ ಮಂಡಿಯವರೆಗೆ ಹೋದ ಕೈ ಅದರ ಕಂಠಕ್ಕೆ ಏರಿಬಿಟ್ಟಿತು. ಸಂಜೆಯೊಳಗೆ ನನ್ನ ದನಿ ಬಂತು.

ಮುಂದಿನ ವಾರ ನಮ್ಮ ಬಸ್ಸು ಮತ್ತೆ ಸುಖೋಥೈಗೆ ಹೋಗುತ್ತದೆ. ಹೊಸ ರೇಕು ತಂದಿಟ್ಟಿದ್ದೇನೆ, ಮಂಡಿಗೇ ಹಚ್ಚುತ್ತೇನೆ. ಅಲ್ಲಿಯವರೆಗೆ ಎಣ್ಣೆ ತಿಕ್ಕಿಕೊಂಡು ಮನೆಯಲ್ಲೇ ಇರು. ಆಮೇಲೆ ನಾನೇ ಬಂದು ಕೈಹಿಡಿದು ಬೆಟ್ಟ ಹತ್ತಿಸುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. "ನಿನ್ನ ದನಿ ಎಷ್ಟು ತಿಳಿಯಾಗಿದೆಯೇ!" ಎಂದು ನೀನು ಮತ್ತೆ ಮೆಚ್ಚಿಕೊಂಡರೆ ಎಂಬ ಹೆದರಿಕೆಗೆ ಬರೆಯುತ್ತಿದ್ದೇನೆ.

ನಿನ್ನ ಮಗಳು,
ಪಿಕುನ್