ಮೇಘನ ತಿರುಗಿ ನೋಡಿದ್ದು

ರೀ,

ನೀವು ಸೀರೆ ಕೊಟ್ಟು ಬರುವಷ್ಟರಲ್ಲಿ ನಾವು ಮನೆಯಲ್ಲಿರುವುದಿಲ್ಲ. ಮೇಘನಳನ್ನು ಬೆಂಗಳೂರಿಗೆ, ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೇನೆ. ಅತ್ತೆಯೂ ಜೊತೆಗಿದ್ದಾರೆ, ಗಾಬರಿಯಾಗಬೇಡಿ. ಸಾರು ಬಿಸಿ ಮಾಡಿಕೊಳ್ಳಿ.

"ನಾಲ್ಕು ವರ್ಷವಾದರೂ ಮಗು ಮಾತಾಡುತ್ತಿಲ್ಲ, ಯಾವ ಔಷಧಿ ಕೊಡಬೇಕು?" ಅಂತ ವಾರಪತ್ರಿಕೆಯ ಡಾಕ್ಟರಿಗೆ ಬರೆದಿದ್ದೆವಲ್ಲ, ಉತ್ತರ ಬಂದಿದೆ. ಔಷಧಿಯ ಹೆಸರೇ ಇಲ್ಲ. "ಹಿಂದಿನಿಂದ ಕೂಗಿದರೆ ತಿರುಗುತ್ತಾಳೆಯೇ? ಅದನ್ನು ತಿಳಿಸದಿದ್ದರೆ ನಾನು ಏನೆಂದು ಹೇಳಲಿ?" ಎಂದು ನಮ್ಮನ್ನೇ ಕೇಳಿದ್ದಾರೆ.

ನಿನ್ನೆ ಕರೆಂಟು ಹೋಗಿ ಮಗ್ಗ ನಿಂತಾಗ ಅವಳ ಬೆನ್ನ ಹಿಂದೆ ತಟ್ಟೆ ಬಡಿದೆ. ತಿರುಗಲಿಲ್ಲ. ಕರೆಂಟು ಬಂದು ಮಗ್ಗ ಶುರುವಾದ ಕೂಡಲೇ ತಿರುಗಿ ನಕ್ಕಳು. ಹಾಗಾದರೆ ಕೇಳಿಸುತ್ತದೆಯೋ, ಇಲ್ಲವೋ? "ನೆಲ ಅದುರಿದ್ದಕ್ಕೆ ತಿರುಗವ್ಳೆ ಕಣಮ್ಮ" ಅಂತಾರೆ ಅತ್ತೆ. ನನಗೆ ಒಂದೂ ತಿಳಿಯುತ್ತಿಲ್ಲ.

ಈ ಸಲ ಔಷಧಿ ಯಾವುದು ಅಂತ ಕೇಳುವುದಿಲ್ಲ. ಕಂಡದ್ದನ್ನೆಲ್ಲ ಕಂಡ ಹಾಗೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ. ಸೋಮವಾರ ಎಷ್ಟು ಕೂಗಿದರೂ ಬರಲಿಲ್ಲವೆಂದು ನಿಮ್ಮ ಕೈಲಿ ಏಟು ತಿಂದಳಲ್ಲ, ಅದನ್ನು ಬರೆಯಲೋ ಬಿಡಲೋ ಅಂತ ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಬರೆದೆ. ಹೊಡೆದವರು ಯಾರು ಅಂತ ಮಾತ್ರ ಬರೆದಿಲ್ಲ.

ಚೌಡೇಶ್ವರಿ