ನಲವತ್ತೊಂದನೇ ಪುಟ

ಮಂಗಳವಾರ, ಮಧ್ಯಾಹ್ನ

ಚುಕ್ಕಿ,

ಅಮ್ಮನ ಆಶೀರ್ವಾದ ನಿನಗೆ ಯಾವತ್ತೂ ಇದೆ, ಈ ಕಾಗದ ಓದಿ ಮುಗಿಸಿದ ಮೇಲೂ ಇರುತ್ತದೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಆಶೀರ್ವಾದದ ಹಾಗೆ ಕಾಣುವಂಥದ್ದು ಹೆಚ್ಚೇನೂ ಇಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀಯ, ನೀನು ಅತ್ತರೆ ನಾನು ಎಲ್ಲದಕ್ಕೂ ಹೂಂ ಅಂದುಬಿಡುತ್ತೇನೆ. ಅದಕ್ಕೇ ಪೆನ್ನು ಹಿಡಿದೆ.

ತನಿಖಾ ಸಮಿತಿಗೆ ಕೊಡಲೆಂದು ನನ್ನ ಹೆಸರಿನಲ್ಲಿ ನೀನು ಬರೆದು ಕಳಿಸಿದ ಹೇಳಿಕೆಯ ಕರಡು ಶನಿವಾರ ಕೈ ಸೇರಿತು. ದಿವಂಗತ ಪ್ರೊಫೆಸರರ ಹೆಂಡತಿಯಾದ ನಾನು ಅವರ ಎಂಜಿನಿಯರಿಂಗ್ ಪಾಠದ ನೋಟ್ಸನ್ನೆಲ್ಲ ನನ್ನ ಕೈಯಾರೆ ಬರೆದೆನೆಂದೂ, ನಲವತ್ತೊಂದನೇ ಪುಟದ ಚಿತ್ರ ಮೊದಲಿನಿಂದಲೂ ಈಗ ಇರುವಂತೆ ಸರಿಯಾಗಿಯೇ ಇತ್ತೆಂದೂ, ಹಳೆಯ ಪ್ರತಿ ಯಾವುದೂ ನನ್ನಲ್ಲಿ ಇಲ್ಲವೆಂದೂ ಬರೆದಿದ್ದೀಯ. ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಿಂದ ಗುರುತನ್ನೂ ಮಾಡಿದ್ದೀಯ, ಅಮ್ಮನ ಕಣ್ಣು ಮಂಜು ಎಂದು. ನನ್ನ ಕಣ್ಣು ಅಷ್ಟೇನೂ ಮಂಜಾಗಿಲ್ಲ ಕಣೇ. ಎರಡು ಸಲ ಓದಿದೆ. ನನ್ನ ಹೆಸರು ಮತ್ತು ಊರಿನ ವಿಳಾಸ ಬಿಟ್ಟರೆ ಅದರಲ್ಲಿ ನಿಜವಾದದ್ದು ಒಂದೇ, ನೋಟ್ಸು ಬರೆದವಳು ನಾನು ಎನ್ನುವುದು.

ಹೇಗೆ ಬರೆದೆ ಎಂದು ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ. ಆಗ ನೀನು ನನ್ನ ಹೊಟ್ಟೆಯಲ್ಲಿದ್ದೆ. ನಿಮ್ಮಪ್ಪನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ನನ್ನದು ಮುತ್ತು ಪೋಣಿಸಿದ ಹಾಗೆ ಎಂದು ಅವರೇ ಹೊಗಳಿ ಹೊಗಳಿ ನನ್ನನ್ನು ಕೆಲಸಕ್ಕೆ ಹಚ್ಚಿದರು. ಊಟದ ಮೇಜಿನ ಮೇಲೆ ಮೇಣದ ಸ್ಟೆನ್ಸಿಲ್ ಹಾಳೆ ಹಾಸಿಕೊಂಡು ಉಕ್ಕಿನ ಮೊನೆಯಿಂದ ಕೊರೆಯಬೇಕು, ಆಮೇಲೆ ಅದಕ್ಕೆ ಶಾಯಿ ಉಜ್ಜಿ ಮಕ್ಕಳಿಗೆಲ್ಲ ಪ್ರತಿ ತೆಗೆಯುತ್ತಿದ್ದರು. ತಪ್ಪಿದರೆ ಗುಲಾಬಿ ಬಣ್ಣದ ದ್ರವ ಹಚ್ಚಿ, ಆರಿದ ಮೇಲೆ ಅದರ ಮೇಲೇ ಮತ್ತೆ ಕೊರೆಯಬೇಕು. ಬಸುರಿಗೆ ಆ ದ್ರವದ ವಾಸನೆ ಎಂದರೆ ಹೊಟ್ಟೆಯೇ ಬಾಯಿಗೆ ಬರುತ್ತಿತ್ತು. ಹಾಗಾಗಿ ತಪ್ಪು ಮಾಡಲೇಬಾರದು ಎಂದು ಮೈಯೆಲ್ಲ ಕಣ್ಣಾಗಿ ಕೂತಿರುತ್ತಿದ್ದೆ.

ಮೂವತ್ತೊಂದನೇ ಪುಟದಿಂದ ಬರೀ ತೊಲೆ ಮತ್ತು ಚಪ್ಪಡಿಗಳ ಚಿತ್ರ. ಎಲ್ಲದರಲ್ಲೂ ಕಬ್ಬಿಣದ ಕಂಬಿ ಕೆಳಗಡೆ. ಹತ್ತು ಪುಟ ಕೆಳಗಡೆಯೇ ಎಳೆದೆ. ನಲವತ್ತೊಂದನೆಯದರಲ್ಲಿ ಮಾತ್ರ ನಿಮ್ಮಪ್ಪ ಕಂಬಿಯನ್ನು ಮೇಲ್ಗಡೆ ಎಳೆದಿದ್ದರು. ಅದು ಗೋಡೆಯಿಂದ ಆಚೆಗೆ ಚಾಚಿದ ಬಾಲ್ಕನಿಯ ಚಪ್ಪಡಿ. ಪಾಪ, ಅವಸರದಲ್ಲಿ ತಲೆಕೆಳಗು ಎಳೆದಿದ್ದಾರೆ ಎಂದುಕೊಂಡು ನಾನೇ ಸರಿಮಾಡಿದೆ. ಕೆಳಗೆ ಇಳಿಸಿದೆ. ಎಂಥ ಜಾಣ ಹೆಂಡತಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾನು ಮಾಡಿದ್ದೇ ತಪ್ಪೆಂದು ಗೊತ್ತಾದದ್ದು ಹಾಳೆಗಳೆಲ್ಲ ಅಚ್ಚಾಗಿ ಮಕ್ಕಳ ಕೈ ಸೇರಿದ ಮೇಲೆ. ನಿಮ್ಮಪ್ಪ ಮನೆಗೆ ಬಂದು ಬಯ್ಯಲಿಲ್ಲ. ಉದ್ದನೆಯ ರಬ್ಬರೊಂದನ್ನು ತಂದು ಮೇಲೆ ಕೆಳಗೆ ಬ್ಲೇಡಿನಿಂದ ಗೀರಿದರು. ಎರಡು ಪುಸ್ತಕಗಳ ಮೇಲೆ ಅದರ ಎರಡು ತುದಿ ಇಟ್ಟು ನಡುವೆ ಒತ್ತಿದರು, ಕೆಳಗಿನ ಗೀರು ಬಾಯಿ ಬಿಟ್ಟಿತು. ಆಮೇಲೆ ಒಂದು ತುದಿಯನ್ನು ಮೇಜಿಗೆ ಅದುಮಿ, ಗಾಳಿಯಲ್ಲಿದ್ದ ತುದಿಯನ್ನು ಒತ್ತಿದರು, ಮೇಲಿನ ಗೀರು ಬಾಯಿ ಬಿಟ್ಟಿತು. "ಬಾಯಿ ಬಿಡೋ ಕಡೆ ಕಂಬಿ ಇರ್ಬೇಕು ಕಣೇ, ಅಷ್ಟೇ" ಎಂದರು. ಹತ್ತನೇ ಕ್ಲಾಸಿನ ಲೆಕ್ಕ ಕಲಿತ ನನಗೆ ಅವತ್ತು ಅರ್ಥವಾದದ್ದು ಇವತ್ತಿಗೂ ಮರೆತಿಲ್ಲ.

ಆ ಹಾಳೆಯನ್ನು ತಿದ್ದಿಕೊಡುತ್ತೇನೆ ಎಂದು ನಾನು ಕೂತೆ, ಚುಕ್ಕಿ. ದ್ರವದ ಶೀಶೆಯ ಮುಚ್ಚಳ ಕೂಡ ತೆಗೆದಿದ್ದೆ. ನಿಮ್ಮಪ್ಪ ನನ್ನ ಕೈ ಹಿಡಿದರು. "ಇರ್ಲಿ ಬಿಡೇ, ಒಳ್ಳೇದೇ ಆಯ್ತು. ಕ್ಲಾಸಿಗೆ ಬಂದೋರು ಯಾರು, ಬರದೇ ನೋಟ್ಸು ಉರು ಹೊಡೆದೋರು ಯಾರು ಅಂತ ನಂಗೆ ಗೊತ್ತಾಗುತ್ತೆ" ಎಂದರು. ಅಲ್ಲಿಂದ ಮೂವತ್ತೊಂದು ವರ್ಷ ಅದೇ ಅವರ ಪದ್ಧತಿ. ಆ ಪಾಠದ ದಿನ ಎಲ್ಲರಿಗೂ ನಲವತ್ತೊಂದನೇ ಪುಟ ತೆಗೆಯಿರಿ ಎನ್ನುವುದು, ಕೆಂಪು ಪೆನ್ಸಿಲಿನಿಂದ ಕಂಬಿಯನ್ನು ಮೇಲೆ ಎಳೆಸುವುದು, ಪರೀಕ್ಷೆಯಲ್ಲಿ ಅದೇ ಚಿತ್ರ ಕೇಳುವುದು. ಅದಕ್ಕೇ ಅವರಿಗೆ ಕೆಂಪು ಪೆನ್ಸಿಲ್ ಮೇಷ್ಟ್ರು ಎಂಬ ಹೆಸರು ಬಿದ್ದದ್ದು. ಉತ್ತರ ಪತ್ರಿಕೆಯ ಕಟ್ಟು ಮನೆಗೆ ಬಂದರೆ ನನಗೂ ತಮಾಷೆ. ಕಾಫಿ ಲೋಟ ಕೊಡುತ್ತಾ ಈ ವರ್ಷ ಎಷ್ಟು ಜನ ಬಿದ್ದರು ಎಂದು ಕೇಳುತ್ತಿದ್ದೆ. ಹದಿನೇಳು ಎನ್ನುತ್ತಿದ್ದರು, ಇಪ್ಪತ್ತೆರಡು ಎನ್ನುತ್ತಿದ್ದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ನಗು ನೆನೆಸಿಕೊಂಡರೆ ಈಗ ನನಗೆ ಮೈ ಉರಿಯುತ್ತದೆ.

ಅಂದರೆ ಚಿತ್ರ ತಪ್ಪಿತ್ತು. ತಪ್ಪು ನನ್ನದು. ತಪ್ಪೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಬಾಯಲ್ಲಿ ಹೇಳುತ್ತಿದ್ದ ಒಂದೇ ಒಂದು ಮಾತಿನ ಮೇಲೆ ಆ ಪುಟ ಅಷ್ಟು ವರ್ಷ ನಿಂತಿತ್ತು. ಅವರು ಹೋದ ಮೇಲೆ ಆ ಮಾತು ಹೇಳುವವರು ಯಾರು ಎಂದು ನಮ್ಮಿಬ್ಬರಲ್ಲಿ ಯಾರೂ ಯೋಚಿಸಲಿಲ್ಲ.

ಆರು ವರ್ಷದ ಹಿಂದೆ, ಅವರು ತೀರಿಕೊಂಡ ತಿಂಗಳಲ್ಲೇ ನೀನು ಬಂದು ನೋಟ್ಸನ್ನೆಲ್ಲ ಯೂನಿವರ್ಸಿಟಿಯ ವೆಬ್‌ಸೈಟಿಗೆ ಹಾಕುತ್ತೇನೆ, ಅಪ್ಪನ ನೆನಪಿಗೆ ಇರಲಿ, ಗೀಚಿಲ್ಲದ ಒಂದು ಚೊಕ್ಕ ಪ್ರತಿ ಕೊಡು ಎಂದೆ. ಬೀರುವಿನಿಂದ ನಾನೇ ತೆಗೆದುಕೊಟ್ಟೆ. ಕೊಡುವಾಗ ನಲವತ್ತೊಂದನೇ ಪುಟ ನೆನಪಿಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಆಮೇಲೆ ನೀನು ನನ್ನ ಅಕ್ಷರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ, ಅಮ್ಮಾ ಇನ್ನು ಪ್ರಪಂಚವೆಲ್ಲ ನೋಡುತ್ತದೆ ಎಂದೆ. ನಾನು ಉಬ್ಬಿಹೋದೆ, ಹೇಳಬೇಕಾದ ಮಾತು ಹೇಳದೇ ಬಿಟ್ಟೆ. ಹೇಗೂ ಪಾಠ ಮಾಡುವವಳು ನೀನೇ ತಾನೇ, ನಿನಗೆ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆ ಭಾಗವನ್ನು ನೀವೇ ಓದಿಕೊಳ್ಳಿ, ಎಲ್ಲ ವೆಬ್‌ಸೈಟಿನಲ್ಲಿದೆ ಎಂದು ನೀನು ಕ್ಲಾಸಿನಲ್ಲಿ ಹೇಳಿಬಿಟ್ಟೆಯಂತೆ. ನಿನ್ನನ್ನು ಬಯ್ಯಲಾರೆ, ಎರಡು ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಗೆ ತುಂಬಿದರೆ ಯಾರು ತಾನೇ ಏನು ಮಾಡುತ್ತಾರೆ. ಈಗ ಕೇಸಿನಲ್ಲಿ ಸಿಕ್ಕಿಕೊಂಡಿರುವ ಆ ಹುಡುಗಿ, ನಿನ್ನ ವಿದ್ಯಾರ್ಥಿನಿ, ನೀನು ಹೇಳಿದ ಹಾಗೇ ಓದಿಕೊಂಡಳು. ಪಾಸಾಗಿ ಕೆಲಸಕ್ಕೆ ಸೇರಿದಳು. ಹೊಲಿಗೆ ಕಾರ್ಖಾನೆಯ ಮೊದಲ ಮಹಡಿಯ ಬಾಲ್ಕನಿಗೆ ಕಂಬಿ ಕಟ್ಟಿಸುವಾಗ ಮೇಸ್ತ್ರಿ ಕೇಳಿದನಂತೆ, "ಮೇಡಂ, ಇದು ಮೇಲ್ಗಡೆ ಬರ್ಬೇಕಲ್ವಾ?" ಅವಳು ಫೋನು ತೆಗೆದು ನನ್ನ ಚಿತ್ರವನ್ನೇ ತೋರಿಸಿದಳಂತೆ. ಮೇಸ್ತ್ರಿ ಓದಿದವನಲ್ಲ. ಅಷ್ಟು ಚೆಂದದ ಅಕ್ಷರ ನೋಡಿ ಕಂಬಿಯನ್ನು ಕೆಳಗೇ ಕಟ್ಟಿದ.

ಕಾಂಕ್ರೀಟು ಗಟ್ಟಿಯಾಗುವ ತನಕ ಕೊಟ್ಟಿದ್ದ ಆಧಾರದ ಕಂಬ ತೆಗೆದ ಮೇಲೂ ಬಾಲ್ಕನಿ ಮೂರು ತಿಂಗಳು ನಿಂತಿತ್ತು, ಆಮೇಲೆ ಮುರಿದು ಬಿತ್ತು. ಊಟದ ಬಿಡುವಿನಲ್ಲಿ ಬುತ್ತಿ ಹಿಡಿದು ಹೊರಗೆ ಬಂದ ಹೆಂಗಸರಲ್ಲಿ ನಾಲ್ವರು ಸತ್ತರು. ಐದನೆಯವಳ ಎರಡೂ ಕಾಲು ಹೋಯಿತು. ಇದೆಲ್ಲ ನಿನಗೆ ಗೊತ್ತಿದೆ. ಬರೆದರೆ ನನ್ನ ಕೈಗೆ ಅದರ ಭಾರ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಅದೇ ಸಂಜೆ ನೀನು ವೆಬ್‌ಸೈಟಿನ ಪುಟ ಬದಲಾಯಿಸಿದೆ. ನಮ್ಮ ಪಾಠದಲ್ಲಿ ಚಿತ್ರ ಸರಿಯಾಗಿಯೇ ಇದೆ, ಹುಡುಗಿ ತನ್ನ ತಪ್ಪನ್ನು ಗುರುಗಳ ತಲೆಗೆ ಕಟ್ಟುತ್ತಿದ್ದಾಳೆ ಎಂದು ಯೂನಿವರ್ಸಿಟಿ ಹೇಳಿತು. ಅವಳ ಜೊತೆಯವರು ತಂದುಕೊಟ್ಟ ಜೆರಾಕ್ಸ್ ಹಾಳೆಗಳನ್ನು ತನಿಖಾ ಸಮಿತಿ ಒಪ್ಪಲಿಲ್ಲ, ಕೈಯಿಂದ ಕೈಗೆ ಹೋದ ಹಾಳೆಯನ್ನು ಯಾರು ಬೇಕಾದರೂ ತಿದ್ದಬಹುದಂತೆ. ಈಗ ಅವಳು ತಪ್ಪು ಮಾಡಿದ ಎಂಜಿನಿಯರ್ ಮಾತ್ರವಲ್ಲ, ಸುಳ್ಳುಗಾತಿಯೂ ಆದಳು. ಜೈಲಿಗೆ ಹೋಗುವುದು ಒಂದು, ಸುಳ್ಳುಗಾತಿ ಅನ್ನಿಸಿಕೊಂಡು ಹೋಗುವುದು ಇನ್ನೊಂದು.

ನಿನಗೆ ಹೇಳದ ವಿಷಯ ಇದು. ಹೋದ ಬುಧವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಜಾಮೀನಿನ ಮೇಲೆ ಹೊರಗಿದ್ದಾಳೆ. ಇಪ್ಪತ್ತಾರು ವಯಸ್ಸಂತೆ, ನೋಡಿದರೆ ಹದಿನೆಂಟು ಎನ್ನಬೇಕು. ಕುರ್ಚಿ ತೋರಿಸಿದರೂ ಬಾಗಿಲ ಪಕ್ಕದ ಸ್ಟೂಲಿನ ಮೇಲೇ ಕೂತಳು. ಕಾಫಿ ಮುಟ್ಟಲಿಲ್ಲ. ನನ್ನನ್ನು ಬಯ್ಯಲಿಲ್ಲ, ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲ. "ನಾನು ತಪ್ಪು ಮಾಡಿಲ್ಲ ಅಂತಿಲ್ಲ ಅಮ್ಮಾ. ಮೇಸ್ತ್ರಿ ಹೇಳ್ದಾಗ ಯೋಚ್ನೆ ಮಾಡ್ಬೇಕಿತ್ತು. ಆದ್ರೆ ನಾನು ನೋಡಿದ್ದು ಸುಳ್ಳಲ್ಲ. ನಿಮ್ಮತ್ರ ಹಳೇ ಪ್ರತಿ ಏನಾದ್ರೂ ಇದ್ಯಾ?" ಎಂದಳು. ನಾನು ಇಲ್ಲ ಎಂದೆ. ಅವಳ ಮುಖ ನೋಡಿಕೊಂಡೇ, ಎಲ್ಲ ರದ್ದಿಗೆ ಹಾಕಿಬಿಟ್ಟೆ ಮಗಾ ಎಂದೆ. ಮಗಾ ಎಂದು ಬೇರೆ ಕರೆದೆ. ಅವಳು ಎದ್ದು, ಲೋಟವನ್ನು ತಾನೇ ಅಡುಗೆಮನೆಗೆ ಕೊಂಡೊಯ್ದು ಇಟ್ಟು ಹೋದಳು.

ಮೂರು ದಿನಕ್ಕೆ ನಿನ್ನ ಕರಡು ಬಂತು. ಅದರ ಜೊತೆಯ ಚೀಟಿಯಲ್ಲಿ, ಅಪ್ಪನ ಹಳೇ ಪೆಟ್ಟಿಗೆ ಸುಮ್ಮನೆ ಧೂಳು, ರದ್ದಿಗೆ ಹಾಕಿಬಿಡಮ್ಮ ಎಂದಿದ್ದೀಯ. ಹೊಸ ಪ್ರಯೋಗಾಲಯಕ್ಕೆ ಅಪ್ಪನ ಹೆಸರು ಇಡುವುದು ಬಹುತೇಕ ಗಟ್ಟಿಯಾಗಿದೆ, ಈಗ ಕೆಡಿಸಬೇಡ ಎಂದಿದ್ದೀಯ. ಚಿತ್ರ ತಪ್ಪಿರುವುದು ನಿನಗೂ ಬಾಲ್ಕನಿ ಬಿದ್ದ ದಿನವೇ ಗೊತ್ತಾಯಿತು, ಅದಕ್ಕೆ ಮೊದಲು ಗೊತ್ತೇ ಇರಲಿಲ್ಲ ಎಂದಿದ್ದೀಯ. ಈ ಕೊನೆಯ ಮಾತನ್ನು ನಾನು ಸದ್ಯಕ್ಕೆ ಮುಟ್ಟುವುದಿಲ್ಲ.

ಪೆಟ್ಟಿಗೆ ತೆಗೆದೆ. ರದ್ದಿಗೆ ಹಾಕಲೆಂದೇ ತೆಗೆದೆ, ಅದನ್ನೂ ಮುಚ್ಚಿಡುವುದಿಲ್ಲ. ಮೇಲೆಯೇ ನಿಮ್ಮಪ್ಪ ಕ್ಲಾಸಿಗೆ ಒಯ್ಯುತ್ತಿದ್ದ ಪ್ರತಿ ಇತ್ತು, ನಡುವೆ ದಾರ ಹಾಕಿ ಹೊಲಿದದ್ದು. ನಲವತ್ತೊಂದನೇ ಪುಟದಲ್ಲಿ ನನ್ನ ತಪ್ಪು ಚಿತ್ರ, ಅದರ ಮೇಲೆ ಅವರ ಕೆಂಪು ಗೆರೆ, ಪಕ್ಕದಲ್ಲಿ ಅವರ ಕಾಗೆ ಕಾಲಿನ ಅಕ್ಷರದಲ್ಲಿ "ತಿದ್ದಿಸಬೇಕು, ಪರೀಕ್ಷೆಗೆ ಇದೇ ಕೇಳಬೇಕು". ಅದರ ಕೆಳಗೆ ಒಂದೊಂದು ವರ್ಷಕ್ಕೂ ಬಿದ್ದವರ ಸಂಖ್ಯೆ. ಪುಟದ ಕೊನೆಯವರೆಗೂ ಇತ್ತು. ಆ ನಾಲ್ಕು ಹೆಂಗಸರನ್ನು ಅದೇ ಸಾಲಿನಲ್ಲಿ ಬರೆಯಬೇಕಲ್ಲ ಎಂದು ಅನ್ನಿಸಿತು. ನೆಲದ ಮೇಲೇ ಕೂತು ತುಂಬ ಹೊತ್ತು ಅತ್ತೆ.

ನಿನ್ನ ಕರಡಿಗೆ ನಾನು ಸಹಿ ಹಾಕಲಿಲ್ಲ. ನನ್ನ ಕೈಬರಹದಲ್ಲೇ ಬೇರೆ ಹೇಳಿಕೆ ಬರೆದೆ. ನಾನು ಹೇಗೆ ತಪ್ಪಿದೆ, ಅವರು ಹೇಗೆ ಅದನ್ನು ಉಳಿಸಿಕೊಂಡರು, ನಾನು ಹೇಗೆ ನಕ್ಕೆ, ಬುಧವಾರ ಆ ಹುಡುಗಿಗೆ ಹೇಗೆ ಸುಳ್ಳು ಹೇಳಿದೆ, ಎಲ್ಲ. ನಿಮ್ಮಪ್ಪನ ಪ್ರತಿಯನ್ನೂ ಜೊತೆಗಿಟ್ಟು ನಿನ್ನೆ ಬೆಳಿಗ್ಗೆ ಸಮಿತಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಕಳಿಸಿದ ಮೇಲೆಯೇ ನಿನಗೆ ಬರೆಯುತ್ತಿದ್ದೇನೆ, ಮೊದಲು ಬರೆದಿದ್ದರೆ ನೀನು ಬರುತ್ತಿದ್ದೆ, ನೀನು ಬಂದರೆ ನಾನು ಸೋಲುತ್ತಿದ್ದೆ. ಪ್ರಯೋಗಾಲಯಕ್ಕೆ ಬೇರೆ ಯಾರದಾದರೂ ಹೆಸರು ಇಡಲಿ. ನಿಮ್ಮಪ್ಪ ಒಳ್ಳೆಯ ಮೇಷ್ಟ್ರೇ, ಇಲ್ಲ ಎನ್ನುವುದಿಲ್ಲ. ಮಕ್ಕಳು ಬೀಳುವುದನ್ನು ನೋಡುವ ಚಪಲ ಒಂದಿತ್ತು, ಅದಕ್ಕೆ ನಾನೂ ಲೋಟ ಲೋಟ ಕಾಫಿ ಕೊಟ್ಟೆ.

ನೀನು ಬೇಕಾದರೆ ನನ್ನ ಜೊತೆ ಮಾತು ಬಿಡು. ಆದರೆ ಹೊತ್ತಿಗೆ ಸರಿಯಾಗಿ ಊಟ ಮಾಡು, ಮಾತ್ರೆ ತಪ್ಪಿಸಬೇಡ.

ನಿನ್ನ ಒಳಿತನ್ನೇ ಬಯಸುವ,
ಅಮ್ಮ

ತಾ.ಕ.: ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಪ್ರತಿಯೂ ಇತ್ತು. ನೀನು ಓದುವಾಗಿನದು, ನೀಲಿ ರಟ್ಟು ಹಾಕಿ ಅದರ ಮೇಲೆ ಬಳ್ಳಿ ಬಿಡಿಸಿದ್ದೆಯಲ್ಲ, ಅದೇ. ನಲವತ್ತೊಂದನೇ ಪುಟದಲ್ಲಿ ಕೆಂಪು ಗೆರೆ ಇದೆ. ಪಕ್ಕದಲ್ಲಿ ನಿನ್ನದೇ ಅಕ್ಷರದಲ್ಲಿ "ಅಪ್ಪನ ಬಲೆ! ಯಾರಿಗೂ ಹೇಳಬಾರದು" ಎಂದು ಬರೆದು, ನಗುವ ಮುಖವೊಂದನ್ನು ಎಳೆದಿದ್ದೀಯ. ನನ್ನ ಹೇಳಿಕೆಯಲ್ಲಿ ಎಲ್ಲ ಬರೆದೆ ಎಂದೆನಲ್ಲ, ಇದನ್ನು ಬರೆದಿಲ್ಲ. ಅಂಚೆ ಕಚೇರಿಯ ಕಿಟಕಿಯ ತನಕ ಒಯ್ದು, ವಾಪಸು ಚೀಲಕ್ಕೆ ಹಾಕಿಕೊಂಡೆ. ಈ ಕಾಗದದ ಜೊತೆ ಅದನ್ನೂ ಇಟ್ಟಿದ್ದೇನೆ, ಜೆರಾಕ್ಸ್ ಮಾಡಿಸಿಟ್ಟುಕೊಂಡಿಲ್ಲ. ಮುಂದಿನ ವಾರ ಗುರುವಾರ ಹನ್ನೊಂದು ಗಂಟೆಗೆ ನಿನ್ನನ್ನು ಸಮಿತಿ ಕರೆದಿದೆಯಂತೆ, ಆ ಹುಡುಗಿಯೂ ಅಲ್ಲೇ ಇರುತ್ತಾಳೆ. ಅವಳ ಮುಂದೆಯೇ ಅದನ್ನು ನೀನೇ ಕೊಡು.