ಕೆಮ್ಮಿಗೆ ಇಳಿಯುವ ವಿಮಾನ

ಅಕ್ಕಾ,
ನಿನ್ನ ತಮ್ಮನ ಕೈಕಾಲು ನೆಟ್ಟಗಿವೆ, ಮರ್ಯಾದೆ ಮಾತ್ರ ಹೋಗಿದೆ. ವಿಮಾನ ಹಾರಿಸೋದು ಕಲಿಸುತ್ತಿದ್ದ ಮೇಷ್ಟ್ರು ನಿವೃತ್ತರಾಗಿ, ಹೊಸ ಮೇಡಂ ಬಂದಿದ್ದಾರೆ. ಅವರ ಮುಂದೆ ಮೊದಲ ಸಲ ಇಳಿಸಿದಾಗ ವಿಮಾನ ರನ್‌ವೇ ಮೇಲೆ ಕಪ್ಪೆ ಥರ ಕುಪ್ಪಳಿಸಿತು. ಎರಡನೇ ಸಲವೂ ಅದೇ ಕಥೆ. ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದವನು ಕೆಲಸ ಬಿಟ್ಟು ನೋಡುತ್ತಾ ನಿಂತ.

"ವಿಮಾನದ ಮೂತಿ ಎತ್ತೋಕೆ ಯಾವ ಮುಹೂರ್ತಕ್ಕೆ ಕಾಯ್ತಿದ್ದೀಯಪ್ಪಾ?" ಅಂದರು ಮೇಡಂ.

ಯೋಚಿಸಿದರೆ, ನಾನು ಕಾಯುತ್ತಿದ್ದದ್ದು ಹಳೇ ಮೇಷ್ಟ್ರ ಕೆಮ್ಮಿಗೆ! ನೆಲ ಹತ್ತಿರ ಬಂದಾಗೆಲ್ಲ ಅವರು, ಭಯಕ್ಕೋ ಏನೋ, ಒಮ್ಮೆ ಕೆಮ್ಮುತ್ತಿದ್ದರು. ನಾನು ಮೂತಿ ಎತ್ತುತ್ತಿದ್ದೆ. ಎಲ್ಲ ನನ್ನ ಕೈಚಳಕ ಅಂತ ಇಲ್ಲದ ಮೀಸೆ ತಿರುವುತ್ತಿದ್ದೆನಲ್ಲ!

ಇದನ್ನು ಹೇಳಿದಾಗ ಮೇಡಂ ನಗಲಿಲ್ಲ. "ಸರಿ, ಸದ್ಯಕ್ಕೆ ನಾನೇ ಕೆಮ್ತೀನಿ. ಆದ್ರೆ ದಿನಾ ಒಂಚೂರು ಮೆತ್ತಗೆ. ನೀನು ಕಿವಿ ನಂಬ್ಕೊಂಡು ಕೂರ್ಬೇಡ, ರನ್‌ವೇ ಕೊನೇ ತನಕ ಕಣ್ಣು ಹಾಯಿಸು" ಅಂದರು.

ಇವತ್ತು ಬೆಳಿಗ್ಗೆ ಕೆಮ್ಮು ಕೇಳಿಸಿತು, ಮೂತಿ ಎತ್ತಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಯಿತು.

"ಥ್ಯಾಂಕ್ಸ್ ಮೇಡಂ" ಅಂದೆ.

"ನಂಗ್ಯಾಕೆ? ನಾನು ನಿನ್ನೆಯಿಂದ ಕೆಮ್ಮಿಯೇ ಇಲ್ಲ. ಕೆಮ್ಮಿದ್ದು ನೀನೇ" ಅಂತ ಬೆಲ್ಟ್ ಬಿಚ್ಚಿ ಕೆಳಗಿಳಿದರು. "ಈಗ ಒಬ್ಬನೇ ಒಂದು ಸುತ್ತು ಹೋಗಿ ಬಾ."

ವಿಮಾನಕ್ಕೆ ಇಂಧನ ತುಂಬಿಸುತ್ತಿದ್ದಾರೆ, ಅಷ್ಟರೊಳಗೆ ಇದನ್ನು ಗೀಚುತ್ತಿದ್ದೇನೆ. ಅಮ್ಮನಿಗೆ ಹೇಳು, ಆರೋಗ್ಯ ಚೆನ್ನಾಗಿದೆ. ಕೆಮ್ಮಿನ ಔಷಧಿ ಮಾತ್ರ ಕಳಿಸಬೇಡಿ. ಇರೋ ಕೆಮ್ಮೂ ವಾಸಿಯಾದರೆ ನಾನು ಕೆಳಗೆ ಬರೋದು ಹೇಗೆ?

ನಿನ್ನ ಕಪ್ಪೆರಾಯ